ನೈರೋಬಿ ಡೌನ್‌ಟೌನ್ ನಡೆದೇ ನೋಡಿದೆ: ನನ್ನ ಅನುಭವ

ಕೀನ್ಯಾದ ರಾಜಧಾನಿ ನೈರೋಬಿಯ ಡೌನ್‌ಟೌನ್‌ನಲ್ಲಿ ರಿವರ್ ರೋಡ್‌ವರೆಗೂ ನಡೆದುಕೊಂಡೇ ಹೋಗಿ ಬಂದೆ. ಫೋನೂ ಹೋಗಲಿಲ್ಲ, ದುಡ್ಡೂ ಹೋಗಲಿಲ್ಲ. ಅದೇ ಊರಿನ ವೆಸ್ಟ್‌ಲ್ಯಾಂಡ್ಸ್ ಬಡಾವಣೆಯಲ್ಲಿರುವ ನಮ್ಮ ಭಾವ ಇದು ಆಗುವ ಮಾತಲ್ಲ ಎಂದಿದ್ದರು. ಅವರು ಅಲ್ಲಿ ತುಂಬಾ ವರ್ಷದಿಂದ ಇದ್ದಾರೆ, ಆದರೆ ಆ ಕಡೆ ಕಾರಿನಿಂದ ಇಳಿದೇ ಇಲ್ಲ.

ಮೊದಲು ಏಜೆನ್ಸಿಯ ವ್ಯಾನ್ ಹಿಡಿದೆ. ತಲೆಗೆ 6,000 ಶಿಲ್ಲಿಂಗ್, ನಮ್ಮ ನಾಲ್ಕು ಸಾವಿರ ರೂಪಾಯಿ ಹತ್ತಿರ. ಅರ್ಧ ದಿನ ಟ್ರಾಫಿಕ್‌ನಲ್ಲೇ ಕಳೆಯಿತು. ಆಮೇಲೆ 1,500 ಕೊಟ್ಟು ಒಂದು ಗುಂಪಿನ ವಾಕ್ ಸೇರಿದೆ. ಹದಿನೈದಿಪ್ಪತ್ತು ಜನ. ಮಟಾಟು ಅಂದರೆ ಅಲ್ಲಿನ ಖಾಸಗಿ ಮಿನಿಬಸ್, ಅವುಗಳ ಹಾರನ್ ಸದ್ದಿನಲ್ಲಿ ಗೈಡ್ ಹೇಳಿದ್ದು ಮುಂದಿನ ನಾಲ್ಕು ಜನಕ್ಕೆ ಮಾತ್ರ ಕೇಳಿಸಿತು.

ಕೊನೆಗೆ ಕೆಲಸ ಮಾಡಿದ್ದು ಇದು. ಡೌನ್‌ಟೌನ್‌ನಲ್ಲೇ ಬೆಳೆದ ಹುಡುಗ ಗೈಡ್, ಜೊತೆಗೆ ನಾನೊಬ್ಬನೇ. ಎರಡು ಬೆಳಗ್ಗೆ, ಮೂರು ಮೂರು ಗಂಟೆ. ದಿನಕ್ಕೆ 2,500 ಆಸುಪಾಸು. ಚೌಕಾಸಿ ಮಾಡಲಿಲ್ಲ, ಒಂದೇ ಷರತ್ತು ಹಾಕಿದೆ: ನೀನು ಚಿಕ್ಕವನಿದ್ದಾಗ ಅಮ್ಮನ ಜೊತೆ ಸಾಮಾನು ತರಲು ಹೋಗುತ್ತಿದ್ದ ದಾರಿಯಲ್ಲೇ ಕರೆದುಕೊಂಡು ಹೋಗು. ಇಂಥ ಹುಡುಗನನ್ನು ಹೇಗೆ ಹುಡುಕಿದೆ ಎನ್ನುವುದನ್ನು ಮಾತ್ರ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಶುರು ರೈಲ್ವೆ ಮ್ಯೂಸಿಯಂನಿಂದಲೇ ಆಗಬೇಕು. 1899ರಲ್ಲಿ ಹಳಿ ಬಂದ ಮೇಲೆಯೇ ಈ ಊರು ಹುಟ್ಟಿದ್ದು. ಆ ಹಳಿ ಹಾಕಲು ಭಾರತದಿಂದ ಸುಮಾರು 32,000 ಜನ ಬಂದಿದ್ದರು, ಹೆಚ್ಚಿನವರು ಪಂಜಾಬಿನವರು. 2,500ರಷ್ಟು ಜನ ವಾಪಸ್ ಹೋಗಲೇ ಇಲ್ಲ, ಅಲ್ಲೇ ಸತ್ತರು. 1900ರಲ್ಲಿ ಚಾರ್ಲ್ಸ್ ರೈಯಲ್ ಎಂಬ ಪೊಲೀಸ್ ಅಧಿಕಾರಿಯನ್ನು ಸಿಂಹ ಎಳೆದುಕೊಂಡು ಹೋದ ಬೋಗಿ ಅಲ್ಲಿದೆ. ಸಿಂಹ ಹೊರಗೆ ಹಾರಿದ್ದು ಕಿಟಕಿಯಿಂದ. ಹುಡುಗ ಆ ಕಿಟಕಿಗೆ ತನ್ನ ತೋಳನ್ನು ಅಡ್ಡ ಹಿಡಿದು ಅಳತೆ ತೋರಿಸಿದ. ನನಗೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಅಲ್ಲಿಂದ 1998ರಲ್ಲಿ ಅಮೆರಿಕದ ರಾಯಭಾರ ಕಚೇರಿ ಮೇಲೆ ನಡೆದ ಬಾಂಬ್ ದಾಳಿಯ ಸ್ಮಾರಕ ಉದ್ಯಾನ, ಆಮೇಲೆ ಮೋಯಿ ಅವೆನ್ಯೂನಲ್ಲಿ ಕೀನ್ಯಾದ ಮಂತ್ರಿಯಾಗಿದ್ದ ಟಾಮ್ ಮ್ಬೋಯಾ ಪ್ರತಿಮೆ. 1969ರಲ್ಲಿ ಅವರಿಗೆ ಗುಂಡು ಹೊಡೆದದ್ದು ಅಲ್ಲೇ ಹತ್ತಿರ.

ಎರಡನೇ ಬೆಳಗ್ಗೆ ಮ್ಯಾಕ್‌ಮಿಲನ್ ಲೈಬ್ರರಿ. ಬಾಗಿಲಲ್ಲಿ ಕಲ್ಲಿನ ಸಿಂಹಗಳು. 1931ರಲ್ಲಿ ಕಟ್ಟಿದ್ದು, 1958ರವರೆಗೆ ಬಿಳಿಯರಿಗೆ ಮಾತ್ರ. ಪಕ್ಕದಲ್ಲೇ ಜಾಮಿಯಾ ಮಸೀದಿ, ಮುಂದೆ ಬಿಯಾಶಾರಾ ಸ್ಟ್ರೀಟ್. ಇದು ಹಳೇ ಬಜಾರ್ ಸ್ಟ್ರೀಟ್, ಭಾರತೀಯ ವ್ಯಾಪಾರಿಗಳದ್ದು. ಕಂಗಾ ಬಟ್ಟೆಯ ಅಂಚಿನ ಮೇಲಿನ ಸ್ವಾಹಿಲಿ ಗಾದೆಗಳನ್ನು ಹುಡುಗ ಒಂದೊಂದಾಗಿ ಓದಿ ಹೇಳಿದ. ರಿವರ್ ರೋಡ್‌ನಲ್ಲಿ ಚಪಾತಿ, ಬೀನ್ಸ್, ಚಾಯ್. ಚಪಾತಿ ಮೈದಾದ್ದು, ನಮ್ಮ ಪರೋಟದ ಹಾಗೆ ಪದರ ಪದರ. ಇಬ್ಬರಿಗೂ ಸೇರಿ 300 ಶಿಲ್ಲಿಂಗ್ ಆಯಿತೇನೋ, ಎಂ-ಪೆಸಾದಲ್ಲಿ, ಅಂದರೆ ಸಿಮ್ ಮೇಲೆ ನಡೆಯುವ ಅಲ್ಲಿನ ಮೊಬೈಲ್ ಹಣದಲ್ಲಿ ಕೊಟ್ಟೆ. ಲೋಕಲ್ ಸಿಮ್ ಮೊದಲೇ ಮಾಡಿಸಿಕೊಳ್ಳಿ.

ಇದೇ ದಾರಿಯನ್ನು ಸುಮ್ನೆ ಒಮ್ಮೆ ಸಂಜೆ ಐದಕ್ಕೂ ನಡೆದು ನೋಡಿದೆವು. ಆಫೀಸು ಬಿಟ್ಟ ಜನ, ಮಟಾಟು ಸಾಲು, ಕಾಲಿಡಲು ಜಾಗ ಇಲ್ಲ. ಅರ್ಧ ಗಂಟೆಗೆ ವಾಪಸ್ ಬಂದೆವು. ಬೆಳಗ್ಗೆಯೇ ಸರಿ. ಇನ್ನೊಂದು ವಿಷಯ, ನಾನು ಫೋನ್ ಕೈಗೆ ತೆಗೆಯಲೇ ಇಲ್ಲ. ಫೋಟೋ ಎಲ್ಲಾ ಹುಡುಗನ ಫೋನ್‌ನಲ್ಲಿ, ರಾತ್ರಿ ವಾಟ್ಸಾಪ್‌ನಲ್ಲಿ ಬಂದವು. ಸರ್ಕಾರಿ ಕಟ್ಟಡಗಳ ಎದುರು ಅವನೂ ತೆಗೆಯಲಿಲ್ಲ.

ತಿಂಡಿ, ಟಿಪ್ಸ್ ಸೇರಿ ಎರಡು ದಿನಕ್ಕೆ ಆರು ಸಾವಿರದ ಹತ್ತಿರ ಬಂತು. ವ್ಯಾನ್‌ಗೆ ಅರ್ಧ ದಿನಕ್ಕೆ ಕೊಟ್ಟಷ್ಟೇ.

ಮುಂದಿನ ಸಲ ಗಿಕೊಂಬಾ, ನೈರೋಬಿಯ ಹಳೇ ಬಟ್ಟೆ ಮಾರುಕಟ್ಟೆ. ಹಳೇ ಬಟ್ಟೆಯ ಬೇಲ್ ಬಿಚ್ಚುವುದನ್ನು ನೋಡಬೇಕಾದರೆ ಬೆಳಗ್ಗೆ ಆರಕ್ಕೇ ಅಲ್ಲಿರಬೇಕಂತೆ. 3,000 ಕೇಳಿದ್ದಾನೆ, ಒಪ್ಪಿಕೊಂಡಿದ್ದೇನೆ.