ಹೃದಯದ ರಕ್ತನಾಳ ಬ್ಲಾಕ್ ಆಗುವುದು ಹೇಗೆ? ಎರಡು ವೃತ್ತ ಬರೆದು ನೋಡಿ

ದಾವಣಗೆರೆಯಲ್ಲಿ ಯಾರಿಗಾದರೂ ಹಾರ್ಟ್ ಅಟ್ಯಾಕ್ ಆದರೆ ಮೊದಲ ಬೈಗುಳ ಬೆಣ್ಣೆ ದೋಸೆಗೆ. ತಿಂದ ಬೆಣ್ಣೆಯೆಲ್ಲ ಪೈಪಿಗೆ ಮೆತ್ತಿಕೊಂಡಂತೆ ನಾಳದಲ್ಲಿ ಕೂತಿತ್ತು ಅಂತಾರೆ. ನಮ್ಮಪ್ಪನೂ ಹಾಗೇ ನಂಬಿದ್ದರು. ಆಂಜಿಯೋಗ್ರಾಂ ಮುಗಿಸಿ ಮನೆಗೆ ಬಂದ ಮೇಲೆ, ಮಂಡಕ್ಕಿ ಕಟ್ಟಿಸಿಕೊಂಡು ಬಂದಿದ್ದ ಪೇಪರ್ ಮೇಲೇ ಚಿತ್ರ ಬರೆದು ತೋರಿಸಿದೆ. ನೀವೂ ಒಂದು ಹಾಳೆ ತಗೊಳ್ಳಿ.

ಹಂತ 1: ಒಂದರೊಳಗೊಂದು ಎರಡು ವೃತ್ತ ಬರೆಯಿರಿ. ಒಳವೃತ್ತದೊಳಗಿನ ಖಾಲಿ ಜಾಗದಲ್ಲಿ ರಕ್ತ ಹರಿಯುತ್ತದೆ. ಎರಡು ಗೆರೆಗಳ ಮಧ್ಯೆ ಇರುವುದು ನಾಳದ ಗೋಡೆ. ಕತೆಯೆಲ್ಲ ನಡೆಯುವುದು ಈ ಗೋಡೆಯೊಳಗೆ.

ಹಂತ 2: ಗೋಡೆಯಲ್ಲಿ ಚುಕ್ಕೆ ಇಡಿ. ಇವು ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತು ಸಾಗುವ ಎಲ್‌ಡಿಎಲ್ ಕಣಗಳು. ಬಿಪಿ, ಶುಗರ್, ಬೀಡಿ ಹೊಗೆಯಿಂದ ಒಳಪದರ ಹಾಳಾದ ಕಡೆ ಜಾಸ್ತಿ ನುಸುಳುತ್ತವೆ. ಅಲ್ಲೇ ಸಿಕ್ಕಿಕೊಂಡು ಕೆಡುತ್ತವೆ.

ಹಂತ 3: ಈಗ ಒಳಗೆರೆಯ ಮೇಲೆ ಒಂದು ಬಿಳಿ ರಕ್ತಕಣ ಬರೆಯಿರಿ. ಇದರ ಹೆಸರು ಮೊನೊಸೈಟ್. ಕೆಟ್ಟ ಕೊಬ್ಬಿನ ಸುಳಿವು ಸಿಕ್ಕ ಒಳಪದರ ಅಂಟು ಪ್ರೋಟೀನುಗಳನ್ನು ಹೊರಚಾಚುತ್ತದೆ. ರಕ್ತದಲ್ಲಿ ಹೋಗುತ್ತಿದ್ದ ಮೊನೊಸೈಟ್ ಉರುಳುತ್ತಾ ಬಂದು ಅಲ್ಲಿ ಅಂಟಿ, ಸಂದಿಯಲ್ಲಿ ತೂರಿ ಗೋಡೆ ಸೇರುತ್ತದೆ. ಒಳಗೆ ಹೋದದ್ದೇ ಮ್ಯಾಕ್ರೋಫೇಜ್ ಆಗಿ ಕೆಟ್ಟ ಕೊಬ್ಬನ್ನು ನುಂಗತೊಡಗುತ್ತದೆ. ಗುಡಿಸಲು ಬಂದ ಕೋಶವೇ, ಆದರೆ ಸಾಕು ಅನ್ನುವುದು ಗೊತ್ತಿಲ್ಲ! ನಮ್ಮೂರ ಮಂಡಕ್ಕಿ ಭಟ್ಟಿಯಲ್ಲಿ ಬಿಸಿ ಮರಳಿಗೆ ಬಿದ್ದ ಅಕ್ಕಿ ಉಬ್ಬುತ್ತದಲ್ಲ, ಹಾಗೆ ಉಬ್ಬುತ್ತದೆ. ಮೈತುಂಬಾ ಕೊಬ್ಬಿನ ಗುಳ್ಳೆ ಇರುವುದರಿಂದ ಇದಕ್ಕೆ ನೊರೆಕೋಶ ಅನ್ನುತ್ತಾರೆ. ಕೊನೆಗೆ ಅಲ್ಲೇ ಸತ್ತು, ನುಂಗಿದ್ದನ್ನೆಲ್ಲ ಅಲ್ಲೇ ಚೆಲ್ಲುತ್ತದೆ. ಅದನ್ನು ಗುಡಿಸಲು ಇನ್ನಷ್ಟು ಕೋಶಗಳು ಬರುತ್ತವೆ. ಟಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಸೇರಿ ಈ ಹೋರಾಟವನ್ನು, ಅಂದರೆ ಉರಿಯೂತವನ್ನು, ಮತ್ತೂ ಕೆರಳಿಸುತ್ತವೆ.

ಹಂತ 4: ಈ ಗುಡ್ಡೆಯ ಮೇಲೆ ದಪ್ಪ ಗೆರೆ ಎಳೆಯಿರಿ. ಗೋಡೆಯ ಸ್ನಾಯುಕೋಶಗಳು ಹೆಣೆದ ಮುಚ್ಚಳ ಅದು. ಈಗ ಅದನ್ನೇ ಅಲ್ಲಲ್ಲಿ ಅಳಿಸಿ. ಮ್ಯಾಕ್ರೋಫೇಜ್ ಬಿಡುವ ಕಿಣ್ವಗಳು ಮುಚ್ಚಳವನ್ನು ಸವೆಸುತ್ತವೆ. ಒಡೆದರೆ ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ನಾಳ ಮುಚ್ಚಿದರೆ ಹಾರ್ಟ್ ಅಟ್ಯಾಕ್. ಅರ್ಧವೂ ಮುಚ್ಚಿರದ ನಾಳದಲ್ಲೂ ಹೀಗಾಗಬಹುದು.

ಉರಿಯೂತದ ಪಾತ್ರ ಸುಮ್ನೆ ಊಹೆಯಲ್ಲ. ಹಿಂದೆ ಹಾರ್ಟ್ ಅಟ್ಯಾಕ್ ಆಗಿದ್ದ ಸುಮಾರು 10,000 ಜನರ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶ 2017ರಲ್ಲಿ ಬಂತು. ಕೆನಕಿನುಮ್ಯಾಬ್ ಎಂಬ ಔಷಧ ಎಲ್‌ಡಿಎಲ್ ಇಳಿಸಲಿಲ್ಲ, ಉರಿಯೂತ ಮಾತ್ರ ತಗ್ಗಿಸಿತು. ಆದರೂ ಮತ್ತೆ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು ಆಗುವುದು ಸುಮಾರು ಶೇ 15ರಷ್ಟು ಕಡಿಮೆಯಾಯಿತು. ಕಾವಲಿನವರನ್ನೇ ತಡೆದರೆ ಸೋಂಕು ಸುಮ್ಮನಿರುತ್ತದೆಯೇ? ಸೋಂಕಿನಿಂದ ಸಾಯುವವರು ಸ್ವಲ್ಪ ಹೆಚ್ಚಾದರು.

ಅಪ್ಪ ಎಲ್ಲ ಕೇಳಿಸಿಕೊಂಡು, ‘ಹಂಗಾದ್ರೆ ಬೆಣ್ಣೆದು ಏನೂ ತಪ್ಪಿಲ್ಲ ಅನ್ನು’ ಎಂದರು. ಎರಡನೇ ಹಂತದ ಚುಕ್ಕೆಗಳ ಮೇಲೆ ಬೆರಳಿಟ್ಟೆ.