ಅಡಿಕೆ ಮಂಡಿ ಸಾಫ್ಟ್‌ವೇರ್‌ಗೆ ದಿನಕ್ಕೆ 200 ರೂಪಾಯಿಯ ಜಾಹೀರಾತು

ಶಿರಸಿ, ಸಾಗರ, ತೀರ್ಥಹಳ್ಳಿ, ಚನ್ನಗಿರಿಯಂಥ ಊರುಗಳ ಅಡಿಕೆ ಮಂಡಿಗಳಿಗೆಂದೇ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವ ಹುಡುಗರಿದ್ದಾರೆ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಬೇರೆ ಬೇರೆ ಲಾಟು, ಕ್ವಿಂಟಲ್ ಲೆಕ್ಕ, ಹಮಾಲಿ, ಮುಂಗಡ ಎಲ್ಲವನ್ನೂ ಹಿಡಿದು ರೈತರಿಗೊಂದು ಪಟ್ಟಿ, ಖರೀದಿದಾರರಿಗೊಂದು ಬಿಲ್ಲು ತೆಗೆಯಬೇಕಾದ ಕೆಲಸ ಅದು. ಸಾಫ್ಟ್‌ವೇರನ್ನು ಚೆನ್ನಾಗಿಯೇ ಮಾಡಿರುತ್ತಾರೆ. ಆಮೇಲೆ ಗೂಗಲ್‌ನಲ್ಲಿ ಜಾಹೀರಾತು ಹಾಕಲು ಹೋಗಿ, ತಿಂಗಳಿಗೆಂದು ಎತ್ತಿಟ್ಟ ದುಡ್ಡನ್ನು ಒಂದೇ ವಾರದಲ್ಲಿ ಕಳೆದುಕೊಳ್ಳುತ್ತಾರೆ. ಇಂಥ ನಾಲ್ಕೈದು ಖಾತೆಗಳನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಸೋರಿಕೆ ಎಲ್ಲದರಲ್ಲೂ ಒಂದೇ ಕಡೆ ಇತ್ತು. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಒಂದು ವೆಬ್ ಪುಟ ಸಿದ್ಧವಾಗಿರಲಿ. ಅದರಲ್ಲಿ ಬೆಲೆ, ಫೋನ್ ನಂಬರು, ಲಾಟಿನ ತೂಕ ಹಾಕಿದ್ದರಿಂದ ಹಿಡಿದು ಪಟ್ಟಿ ಪ್ರಿಂಟ್ ಆಗುವವರೆಗೆ ಎರಡು ನಿಮಿಷದ ಕನ್ನಡ ವಿಡಿಯೊ ಇದ್ದರೆ ಸಾಕು. ಬೆಲೆ ಮುಚ್ಚಿಡಬೇಡಿ. ಜೊತೆಗೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿಕೊಳ್ಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಗೂಗಲ್ ಆ್ಯಡ್ಸ್ ಖಾತೆ ತೆರೆಯುವಾಗ ‘ಸ್ಮಾರ್ಟ್’ ದಾರಿ ತೋರಿಸಿದರೆ ಬಿಟ್ಟು, ‘ಎಕ್ಸ್‌ಪರ್ಟ್ ಮೋಡ್’ ಹುಡುಕಿ ಒಳಗೆ ಹೋಗಿ. ಕ್ಯಾಂಪೇನ್ ‘ಸರ್ಚ್’ ಮಾತ್ರ. ‘ಸರ್ಚ್ ಪಾರ್ಟ್‌ನರ್ಸ್’, ‘ಡಿಸ್‌ಪ್ಲೇ ನೆಟ್‌ವರ್ಕ್’ ಎರಡಕ್ಕೂ ಹಾಕಿರುವ ಟಿಕ್ ತೆಗೆಯಿರಿ, ಅವು ಜಾಹೀರಾತನ್ನು ಗೂಗಲ್ ಹುಡುಕಾಟದ ಆಚೆಗಿನ ತಾಣಗಳಿಗೂ ಒಯ್ಯುತ್ತವೆ. ಊರುಗಳ ಹೆಸರು ಕೊಟ್ಟು, ಸುತ್ತ ಎಷ್ಟು ಕಿಲೋಮೀಟರ್ ಎಂದು ಹೇಳಿ. ಕೆಳಗೆ ‘ಲೊಕೇಶನ್ ಆಪ್ಶನ್ಸ್’ ಎಂದು ಮಡಚಿಟ್ಟ ಜಾಗವಿದೆ, ಅದನ್ನು ತೆರೆದು ‘ಪ್ರೆಸೆನ್ಸ್’ ಮಾತ್ರ ಆರಿಸಿ. ಹಾಗೆ ಮಾಡದಿದ್ದರೆ ಶಿರಸಿಯ ಬಗ್ಗೆ ಆಸಕ್ತಿ ತೋರಿಸಿದ ದೂರದೂರಿನವರಿಗೂ ಜಾಹೀರಾತು ಹೋಗುತ್ತದೆ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಚಾಲಿಯ (ಒಣಗಿಸಿ ಸುಲಿದ ಬಿಳಿ ಅಡಿಕೆಯ) ವಿಂಗಡಣೆ ಇಲ್ಲವಾದರೆ ಪುತ್ತೂರು, ಸುಳ್ಯದ ಕಡೆ ಸದ್ಯಕ್ಕೆ ಹೋಗಬೇಡಿ.

ಕ್ಲಿಕ್ಕಿಗೆ ಎಷ್ಟು ಕೊಡುತ್ತೀರಿ ಎಂದು ಹೇಳುವ ಬಿಡ್ಡಿಂಗ್‌ನಲ್ಲಿ ‘ಮ್ಯಾಕ್ಸಿಮೈಸ್ ಕ್ಲಿಕ್ಸ್’ ಇಟ್ಟು, ಒಂದು ಕ್ಲಿಕ್ಕಿಗೆ ಗರಿಷ್ಠ ಎಷ್ಟು ಎಂಬ ಮಿತಿ ಹಾಕಿ. ದಿನಕ್ಕೆ 200 ಎಂದು ಬರೆದರೆ ಒಂದೊಂದು ದಿನ 400ರವರೆಗೂ ಖರ್ಚಾಗಬಹುದು, ಗಾಬರಿಯಾಗಬೇಡಿ. ತಿಂಗಳ ಮಿತಿ ದಿನದ ಮೊತ್ತದ 30.4 ಪಟ್ಟು, ಅಂದರೆ 6,080 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ. ನಿಮಗೆ ಜಿಎಸ್‌ಟಿ ನಂಬರ್ ಇದ್ದರೆ ಖಾತೆಯಲ್ಲಿ ಮೊದಲೇ ನಮೂದಿಸಿ.

ಈಗ ಸೋರುವ ಜಾಗ. ‘ಅರೆಕಾನಟ್ ಮಂಡಿ ಸಾಫ್ಟ್‌ವೇರ್’ ಎಂಬ ಕೀವರ್ಡನ್ನು, ಅಂದರೆ ಯಾವ ಹುಡುಕಾಟಕ್ಕೆ ಜಾಹೀರಾತು ಕಾಣಬೇಕೋ ಆ ಪದಗಳನ್ನು, ಹಾಗೇ ಬರಿದಾಗಿ ಹಾಕಿದರೆ ಅದು ‘ಬ್ರಾಡ್ ಮ್ಯಾಚ್’. ಗೂಗಲ್ ಅದಕ್ಕೆ ಸಂಬಂಧವಿದೆ ಎನಿಸಿದ ಹುಡುಕಾಟಕ್ಕೆಲ್ಲ ನಿಮ್ಮನ್ನು ತೋರಿಸುತ್ತದೆ. ಮಲೆನಾಡಿನಲ್ಲಿ ಅಡಿಕೆಯ ಬಗ್ಗೆ ಜನ ದಿನಾ ಹುಡುಕುವುದೇನು? ಇವತ್ತಿನ ಧಾರಣೆ. ಬೆಳೆಗಾರರು ರೇಟು ನೋಡಲು ಒತ್ತುತ್ತಾರೆ, ಸಾಫ್ಟ್‌ವೇರ್ ಪುಟ ಕಂಡು ವಾಪಸ್ ಹೋಗುತ್ತಾರೆ, ಪ್ರತಿ ಒತ್ತಿಗೂ ನಿಮ್ಮ ದುಡ್ಡು ಹೋಗುತ್ತದೆ. ಅವರದು ತಪ್ಪಲ್ಲ.

ಆದ್ದರಿಂದ ಕೀವರ್ಡ್‌ಗೆ ಉದ್ಧರಣ ಚಿಹ್ನೆ ಹಾಕಿ, ಅದು ‘ಫ್ರೇಸ್ ಮ್ಯಾಚ್’. ಚೌಕ ಆವರಣ ಹಾಕಿದರೆ ‘ಎಕ್ಸಾಕ್ಟ್’. ಇವು ಕೂಡ ಅರ್ಥ ನೋಡಿ ಸ್ವಲ್ಪ ಆಚೀಚೆ ಜಾರುತ್ತವೆ. ಹಾಗಾಗಿ ನೆಗೆಟಿವ್ ಕೀವರ್ಡ್ ಪಟ್ಟಿ, ಅಂದರೆ ಯಾವ ಪದ ಹುಡುಕಿದರೆ ಜಾಹೀರಾತು ಕಾಣಬಾರದು ಎಂಬ ಪಟ್ಟಿ, ಇಲ್ಲದೆ ಜಾಹೀರಾತು ಚಾಲೂ ಮಾಡಲೇಬೇಡಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು: ಸಿಟ್ಟಿನಲ್ಲಿ ‘ಪ್ರೈಸ್’ ಎಂಬ ಒಂಟಿ ಪದವನ್ನು ನೆಗೆಟಿವ್‌ಗೆ ಹಾಕಿಬಿಡುವುದು. ‘ಮಂಡಿ ಸಾಫ್ಟ್‌ವೇರ್ ಪ್ರೈಸ್’ ಎಂದು ಹುಡುಕುವವರು ನಾಳೆಯೇ ಕೊಳ್ಳಬಹುದಾದ ಸಾಹುಕಾರರು. ಅವರಿಗೂ ಬಾಗಿಲು ಹಾಕಿದಂತಾಯಿತು. ‘ಅರೆಕಾನಟ್ ಪ್ರೈಸ್’ ಎಂಬ ಜೋಡಿ ಪದವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ. ಆಗ ಆ ಎರಡು ಪದ ಅದೇ ಕ್ರಮದಲ್ಲಿ ಒತ್ತೊತ್ತಾಗಿ ಬಂದ ಹುಡುಕಾಟ ಮಾತ್ರ ನಿಲ್ಲುತ್ತದೆ. ‘ಅರೆಕಾನಟ್ ಸಾಫ್ಟ್‌ವೇರ್ ಪ್ರೈಸ್’ ಎಂದವರಿಗೆ ಜಾಹೀರಾತು ಕಾಣುತ್ತದೆ. ಚಿಹ್ನೆ ಮರೆತರೆ ಇವರೂ ಹೋದರು.

ಇನ್ನೊಂದು ವಿಷಯ. ಬೇಕಾದ ಕೀವರ್ಡ್‌ಗೆ ಗೂಗಲ್ ಸಮಾನಾರ್ಥ ಹುಡುಕಿಕೊಳ್ಳುತ್ತದೆ, ಬೇಡದ ಕೀವರ್ಡ್‌ಗೆ ಹುಡುಕುವುದಿಲ್ಲ. ಪ್ರೈಸ್ ತಡೆದರೆ ರೇಟ್ ನಿಲ್ಲದು. ಇಂಗ್ಲಿಷ್ ಅಕ್ಷರದಲ್ಲಿ ಒಬ್ಬರು ಅಡಿಕೆ ಎಂದೂ ಇನ್ನೊಬ್ಬರು ಅಡಕೆ ಎಂದೂ ಟೈಪ್ ಮಾಡುತ್ತಾರೆ. ಈ ಹೆಸರುಗಳಿಗೂ ಸುಪಾರಿ, ಬೀಟಲ್ ನಟ್‌ಗೂ ಕನ್ನಡ ಲಿಪಿಯ ಧಾರಣೆ, ದರ, ರೇಟು, ಇವತ್ತಿನ, ಟುಡೇ ಎಂಬ ಪದಗಳನ್ನು ಜೋಡಿಸಿ, ಪ್ರತಿ ಜೋಡಿಯನ್ನೂ ಉದ್ಧರಣ ಚಿಹ್ನೆಯೊಳಗೆ ಒಂದೊಂದಾಗಿ ಸೇರಿಸಿ. ಅಡಿಕೆ ಸುಲಿಯುವ ಯಂತ್ರ, ಹಾಳೆ ತಟ್ಟೆ, ಸಸಿ, ಜಾಬ್, ಕೋರ್ಸ್, ಕ್ರ್ಯಾಕ್ (ಕದ್ದ ಸಾಫ್ಟ್‌ವೇರ್) ಇವೂ ಇರಲಿ. ಮೊದಲ ಸಂಜೆಯೇ ಅರವತ್ತು ಎಪ್ಪತ್ತು ಪದ ಆಗಬೇಕು. ಮೊದಲ ಎರಡು ವಾರ ದಿನಾ ‘ಸರ್ಚ್ ಟರ್ಮ್ಸ್’ ವರದಿ ತೆರೆದು, ಜನ ನಿಜಕ್ಕೂ ಏನು ಟೈಪ್ ಮಾಡಿದರು ಎಂದು ಓದಿ, ಬೇಡದ್ದನ್ನು ಪಟ್ಟಿಗೆ ತಳ್ಳಿ. ಅಪರೂಪದ ಹುಡುಕಾಟಗಳನ್ನು ಆ ವರದಿ ತೋರಿಸುವುದಿಲ್ಲ, ಅದನ್ನೂ ನೆನಪಿಡಿ.

ಕೆಲವು ಕೀವರ್ಡ್ ಎದುರು ‘ಲೋ ಸರ್ಚ್ ವಾಲ್ಯೂಮ್’ (ಹುಡುಕುವವರು ತೀರಾ ಕಡಿಮೆ) ಎಂದು ಬಂದು ಜಾಹೀರಾತು ಓಡುವುದೇ ಇಲ್ಲ. ಆಗ ‘ಎಪಿಎಂಸಿ ಬಿಲ್ಲಿಂಗ್ ಸಾಫ್ಟ್‌ವೇರ್’, ‘ಕಮಿಷನ್ ಏಜೆಂಟ್ ಸಾಫ್ಟ್‌ವೇರ್’ ಹಿಡಿಯಿರಿ. ಈರುಳ್ಳಿ ಮಂಡಿಯವರೂ ಬರುತ್ತಾರೆ. ಜಾಹೀರಾತಿನ ತಲೆಬರಹದಲ್ಲೇ ‘ಅಡಿಕೆ ಮಂಡಿಗೆ ಮಾತ್ರ’ ಎಂದು ಬರೆದರೆ ಅವರು ಒತ್ತುವುದು ಕಡಿಮೆಯಾಗುತ್ತದೆ. ತಲೆಬರಹ 15ರವರೆಗೆ ಕೊಡಬಹುದು, ಒಂದಕ್ಕೆ 30 ಅಕ್ಷರ. ಬೆಲೆಯನ್ನು ಒಂದರಲ್ಲಿ ಹಾಕಿ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದವರಿಗೆ ಇ-ಇನ್‌ವಾಯ್ಸ್ (ಜಿಎಸ್‌ಟಿ ಪೋರ್ಟಲ್‌ನಲ್ಲಿ ದಾಖಲಾಗುವ ಬಿಲ್ಲು) ಕಡ್ಡಾಯ. ನಿಮ್ಮ ಸಾಫ್ಟ್‌ವೇರ್ ಅದನ್ನು ಮಾಡುವುದಾದರೆ ಇನ್ನೊಂದರಲ್ಲಿ ಅದನ್ನೇ ಹೇಳಿ.

‘ಒಂದು ಲಕ್ಷ ವಾಟ್ಸ್‌ಆ್ಯಪ್ ನಂಬರ್’ ಮಾರುವವರ ಹತ್ತಿರ ಹೋಗಬೇಡಿ. ಜನ ರಿಪೋರ್ಟ್ ಮಾಡುತ್ತಾರೆ, ನಂಬರ್ ಬ್ಲಾಕ್ ಆಗುತ್ತದೆ, ಇದ್ದ ಗಿರಾಕಿಗಳಿಗೂ ನೀವು ಸಿಗದಂತಾಗುತ್ತದೆ. ಫೇಸ್‌ಬುಕ್‌ನ ‘ಬೂಸ್ಟ್ ಪೋಸ್ಟ್’ ಗುಂಡಿಯನ್ನೂ ನಾನು ಒತ್ತಿಸುವುದಿಲ್ಲ. ಲೈಕು ಬರುತ್ತದೆ, ಫೋನ್ ಬರುವುದಿಲ್ಲ. ಆ್ಯಡ್ಸ್ ಖಾತೆಯಲ್ಲಿ ‘ಆಟೋ ಅಪ್ಲೈ’ (ಗೂಗಲ್‌ನ ಸಲಹೆಗಳು ತಾವಾಗಿಯೇ ಜಾರಿಯಾಗುವುದು) ಆನ್ ಆಗಿದ್ದರೆ ಆಫ್ ಮಾಡಿ, ಇಲ್ಲವಾದರೆ ಕಷ್ಟಪಟ್ಟು ಬಿಗಿ ಮಾಡಿದ್ದನ್ನು ಅದೇ ಸಡಿಲಿಸಬಹುದು.

ಸಮಯ: ಅಡಿಕೆ ಸುಗ್ಗಿಯ ನಡುವೆ ಯಾವ ಮಂಡಿಯವರೂ ಲೆಕ್ಕದ ಪದ್ಧತಿ ಬದಲಿಸುವುದಿಲ್ಲ. ಏಪ್ರಿಲ್ 1ಕ್ಕೆ ಹೊಸ ಖಾತೆ ತೆರೆಯುವ ಯೋಚನೆ ಇರುವ ಫೆಬ್ರುವರಿ ಕೊನೆ, ಮಾರ್ಚ್‌ಗೆ ದುಡ್ಡು ಉಳಿಸಿಕೊಳ್ಳಿ. ‘ಆ್ಯಡ್ ಶೆಡ್ಯೂಲ್’ನಲ್ಲಿ ನೀವೇ ಫೋನ್ ಎತ್ತಬಲ್ಲ ಹೊತ್ತು ಮಾತ್ರ ಇರಲಿ. ನನ್ನ ಆಯ್ಕೆ ಸಂಜೆ ಐದರಿಂದ ಒಂಬತ್ತು, ವ್ಯಾಪಾರ ಮುಗಿಸಿ ಲೆಕ್ಕಕ್ಕೆ ಕೂರುವ ವೇಳೆ. ಫೋನ್ ಬಂದಾಗ ಬೆಲೆ ಹೇಳುವ ಮೊದಲು, ‘ಸಾಹುಕಾರ್ರೇ, ಗೂಗಲ್‌ನಲ್ಲಿ ಏನಂತ ಹುಡುಕಿದ್ರಿ?’ ಎಂದು ಕೇಳಿ, ಅವರು ಹೇಳಿದ ಪದವನ್ನು ಹಾಗೇ ಬರೆದುಕೊಳ್ಳಿ. ಆ ರಾತ್ರಿಯೇ ಅದನ್ನು ಕೀವರ್ಡ್ ಪಟ್ಟಿಗೆ ಸೇರಿಸಿ.