ಡೇರಿ ಲೆಕ್ಕ ಕಂಪ್ಯೂಟರಿಗೆ ಹಾಕುವ ಮುಂಚೆ

ನಾನು ಹಳ್ಳಿಯ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಲೆಕ್ಕವನ್ನು ಕಂಪ್ಯೂಟರಿಗೆ ಹಾಕಲು ಹೊರಟವರಿಗೆ ನನ್ನ ಮೊದಲ ಮಾತು: ಮೆಷಿನ್ ಆಮೇಲೆ ತನ್ನಿ. ಮೊದಲು ಸದಸ್ಯರ ಪಟ್ಟಿ ಸರಿಮಾಡಿ. ಅಪ್ಪ ತೀರಿಕೊಂಡು ವರ್ಷಗಳಾದರೂ ಮಗ ಅದೇ ಹೆಸರಲ್ಲಿ ಹಾಲು ಹಾಕುತ್ತಿರುತ್ತಾನೆ. ಸರ್ಕಾರದ ಪ್ರೋತ್ಸಾಹಧನ ನೇರ ಬ್ಯಾಂಕ್ ಖಾತೆಗೆ ಬರುವುದು, ಅಲ್ವಾ? ಪಾಸ್‌ಬುಕ್ ಎದುರಿಗಿಟ್ಟುಕೊಂಡೇ ಖಾತೆ ನಂಬರ್ ಬರೆಯಿರಿ.

ಜಾಸ್ತಿ ಹೊತ್ತು ಕೊಡಬೇಕಾದದ್ದು ನಂಬಿಕೆಗೆ. ತೂಕದ ಮೆಷಿನ್ನಿನ ಅಂಕಿ ಹಾಲು ಹಾಕುವವರಿಗೆ ಕಾಣುವಂತೆ ತಿರುಗಿಸಿಡಿ. ಚೀಟಿಯಲ್ಲಿ ಲೀಟರ್, ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ), ದರ ನಾಲ್ಕೂ ಇರಲಿ, ಕನ್ನಡದಲ್ಲೇ ಇರಲಿ. ಓದಲು ಬಾರದ ಅಜ್ಜಿಗೆ "ಫ್ಯಾಟ್ ನಾಲ್ಕು ಪಾಯಿಂಟ್ ಎರಡು ಬಂತಮ್ಮ" ಎಂದು ಬಾಯಲ್ಲೇ ಹೇಳಿ. ಯಾರಿಗಾದರೂ ಅನುಮಾನ ಬಂದರೆ ವಾದ ಬೇಡ. ಅವರ ಎದುರಿಗೇ ಅದೇ ಹಾಲನ್ನು ಆಸಿಡ್ ಹಾಕಿ ಫ್ಯಾಟ್ ಅಳೆಯುವ ಹಳೇ ಗರ್ಬರ್ ವಿಧಾನದಲ್ಲೂ ಪರೀಕ್ಷಿಸಿ ತೋರಿಸಿ. ಹಾಲು ಪರೀಕ್ಷಿಸುವವರ ಮಾತನ್ನೂ ಕೇಳಿ. ಇಷ್ಟು ವರ್ಷ ಕೈಯಲ್ಲಿ ಬರೆದವರು ಅವರು. ಎಲ್ಲಿ ತಪ್ಪಾಗುತ್ತದೆ ಎಂದು ಚೆನ್ನಾಗಿ ಗೊತ್ತಿರುತ್ತದೆ.

ಹಾಲಿನ ಹಣದ ಒಂದು ಬಿಲ್ ಅವಧಿ ಮುಗಿಯುವವರೆಗೆ ಪುಸ್ತಕ, ಕಂಪ್ಯೂಟರ್ ಎರಡರಲ್ಲೂ ಬರೆಯಿರಿ. ಮೊತ್ತ ತಾಳೆಯಾದ ಮೇಲೆ ಪುಸ್ತಕ ನಿಲ್ಲಿಸಲೇಬೇಕು. ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿದ ಸರ್ಕಾರದ 'ಭೂಮಿ' ಯೋಜನೆಯಲ್ಲಿ ಕಂಪ್ಯೂಟರ್ ಪಹಣಿ ಬಂದ ಮೇಲೆ ಕೈಬರಹದ ಪಹಣಿಯನ್ನು ನಿಲ್ಲಿಸಿದ್ದರಿಂದಲೇ ಹೊಸದು ನೆಲೆ ನಿಂತಿತು. ಎರಡೂ ಇದ್ದರೆ ಜಗಳ ಬಂದಾಗೆಲ್ಲ ಜನ ಹಳೇದನ್ನೇ ಕೇಳುತ್ತಾರೆ.

ಯುಪಿಎಸ್ ಮರೆಯಬೇಡಿ. ಸಂಜೆ ಸಾಲು ನಿಂತಾಗಲೇ ಕರೆಂಟ್ ಹೋಗುವುದು. ದಿನದ ಲೆಕ್ಕದ ಪ್ರತಿಯನ್ನು ಅವತ್ತೇ ಬೇರೆ ಕಡೆ ಉಳಿಸಿಡಿ.